ಗಾಳದ ಕೋಲಿನಲ್ಲಿ ಕಂಡ ಜಪಾನ್

ಕೆರೆಯ ಏರಿಯ ಮೇಲೆ ಕುಳಿತು ಗಾಳ ಹಾಕುವ ಹುಡುಗರನ್ನು ನೀವೆಲ್ಲ ನೋಡಿರುತ್ತೀರಿ. ನಿಮ್ಮಲ್ಲಿ ಕೆಲವರು ಸ್ವತಃ ಹಾಕಿಯೂ ಇರಬಹುದು. ಒಂದು ಬಿದಿರಿನ ಕೋಲು, ಅದರ ತುದಿಗೆ ಗಂಟು ಹಾಕಿದ ದಾರ, ದಾರದ ಕೊನೆಗೊಂದು ಗಾಳ, ಗಾಳಕ್ಕೆ ಎರೆಹುಳು. ಇಷ್ಟೇ ಸಲಕರಣೆ. ದಾರವನ್ನು ಸುತ್ತಿ ಬಿಚ್ಚುವ ರಾಟೆ ಇಲ್ಲ. ಕೋಲು ಎಷ್ಟು ಚಾಚುತ್ತದೆಯೋ, ದಾರ ಎಷ್ಟು ಉದ್ದವಿದೆಯೋ ಅಷ್ಟೇ ನಮ್ಮ ಎಲ್ಲೆ. ಅದರಾಚೆಗಿನ ಮೀನು ನಮ್ಮದಲ್ಲ.

ಇಂಗ್ಲೆಂಡಿನಲ್ಲಿ 17ನೆಯ ಶತಮಾನದಿಂದೀಚೆಗೆ ಈ ಕೋಲಿಗೆ ರಾಟೆ ಸೇರಿತು. ದಾರದ ಉದ್ದ ಬೆಳೆಯಿತು. ಆದರೆ ಜಪಾನಿನ ಹೊಳೆ, ತೊರೆ, ಕಾಲುವೆಗಳಲ್ಲಿ 20ನೆಯ ಶತಮಾನದವರೆಗೂ ದಾರವನ್ನು ಕೋಲಿನ ತುದಿಗೇ ಕಟ್ಟುವ ಪದ್ಧತಿಯೇ ಪ್ರಧಾನವಾಗಿ ಉಳಿಯಿತು. ಇದಕ್ಕೆ ಆ ನಾಡಿನ ಭೂಗೋಳವೂ ಒಂದು ಕಾರಣ. ಜಪಾನಿನ ಅತ್ಯಂತ ಉದ್ದದ ನದಿಯಾದ ಶಿನಾನೊ ಹರಿಯುವುದು 367 ಕಿಲೋಮೀಟರ್ ಮಾತ್ರ. ನಮ್ಮ ಕಾವೇರಿಯ ಅರ್ಧಕ್ಕಿಂತಲೂ ಕಡಿಮೆ. ನಡುನಾಡಿನ ಬೆಟ್ಟಗಳಿಂದ ಕಡಲಿಗೆ ಧುಮುಕುವ ಕಿರಿದಾದ ತೊರೆಗಳಿಗೆ ಉದ್ದ ದಾರದ ಅಗತ್ಯವಿರಲಿಲ್ಲ. ಹಗುರವೂ ಗಟ್ಟಿಯೂ ಆದ ಬಿದಿರು ಎಲ್ಲೆಡೆ ಸಿಗುತ್ತಿತ್ತು.

ಸಲಕರಣೆ ಒಂದೇ ಆದರೂ ಹಿಡಿದ ಕೈಗಳು ಬೇರೆ ಬೇರೆ. ಕತ್ತಿ ಹಿಡಿದ ಸಮುರಾಯಿ, ಪೇಟೆಯ ವ್ಯಾಪಾರಿ, ಬೆಟ್ಟದ ಬಡ ಮೀನುಗಾರ: ಈ ಮೂವರೂ ಅದೇ ಕೋಲನ್ನು ಹಿಡಿದರು, ಮೂವರಿಗೂ ಅದು ಮೂರು ಬೇರೆ ವಸ್ತುಗಳಾಯಿತು. ಇವರಲ್ಲಿ ಮೊದಲಿನ ಇಬ್ಬರು ತಮ್ಮ ಕಥೆಯನ್ನು ಬರೆದಿಟ್ಟರು ಅಥವಾ ಬರೆಸಿಟ್ಟರು. ಮೂರನೆಯವನು ಬರೆಯಲಿಲ್ಲ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡು ಗಾಳದ ಕೋಲಿನ ಇತಿಹಾಸವನ್ನು ನೋಡೋಣ.

ಬಗ್ಗಿಸಿದ ಸೂಜಿ, ಅನ್ನದ ಅಗುಳು

ಜಪಾನಿನ ದಕ್ಷಿಣ ತುದಿಯಲ್ಲಿರುವ ಓಕಿನಾವಾ ದ್ವೀಪದ ಸಕಿತಾರಿ ಗುಹೆಯಲ್ಲಿ ಕಡಲ ಬಸವನಹುಳುವಿನ ಚಿಪ್ಪನ್ನು ಉಜ್ಜಿ ಮಾಡಿದ ಗಾಳಗಳು ದೊರೆತಿವೆ. ಅವು ಸುಮಾರು 23,000 ವರ್ಷಗಳಷ್ಟು ಹಳೆಯವೆಂದು 2016ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸುತ್ತದೆ. ಈವರೆಗೆ ಪ್ರಪಂಚದಲ್ಲಿ ಸಿಕ್ಕಿರುವ ಅತಿ ಪ್ರಾಚೀನ ಗಾಳಗಳ ಸಾಲಿಗೆ ಇವು ಸೇರುತ್ತವೆ. ಅಂದರೆ ಬೇಸಾಯ ಹುಟ್ಟುವುದಕ್ಕೂ ಬಹಳ ಹಿಂದೆ ಗಾಳ ಹುಟ್ಟಿತ್ತು.

ಬರಹದಲ್ಲಿ ಗಾಳ ಕಾಣಿಸಿಕೊಳ್ಳುವುದು ಒಂದು ಐತಿಹ್ಯದ ಮೂಲಕ. ಕ್ರಿ.ಶ. 720ರಲ್ಲಿ ಪೂರ್ಣಗೊಂಡ 'ನಿಹೊನ್ ಶೊಕಿ' ಎಂಬ ಪ್ರಾಚೀನ ವೃತ್ತಾಂತದಲ್ಲಿ ಜಿಂಗು ಎಂಬ ರಾಣಿಯ ಕಥೆ ಬರುತ್ತದೆ. ದಂಡಯಾತ್ರೆಗೆ ಹೊರಟ ಆಕೆ ಹೊಳೆಯ ನಡುವಿನ ಬಂಡೆಯ ಮೇಲೆ ನಿಂತು, ಸೂಜಿಯನ್ನು ಬಗ್ಗಿಸಿ ಗಾಳ ಮಾಡಿ, ತನ್ನ ಉಡುಪಿನ ಎಳೆಯನ್ನೇ ಕಿತ್ತು ದಾರ ಮಾಡಿ, ಅನ್ನದ ಅಗುಳನ್ನು ಸಿಕ್ಕಿಸಿ ನೀರಿಗೆ ಹಾಕಿದಳಂತೆ. ಮೀನು ಕಚ್ಚಿದರೆ ತನಗೆ ಜಯ ಎಂದು ಶಕುನ ಕೇಳಿದಳಂತೆ. ಕಚ್ಚಿದ ಮೀನು 'ಅಯು'. ಇಂದಿಗೂ ಜಪಾನಿನಲ್ಲಿ ಆ ಮೀನಿನ ಹೆಸರನ್ನು ಬರೆಯುವ ಅಕ್ಷರದಲ್ಲಿ 'ಮೀನು' ಮತ್ತು 'ಶಕುನ' ಎಂಬ ಎರಡು ಭಾಗಗಳಿವೆ. ಕಥೆ ನಿಜವೋ ಕಲ್ಪನೆಯೋ ಎಂಬುದು ಇಲ್ಲಿ ಮುಖ್ಯವಲ್ಲ. ಸೂಜಿ, ಎಳೆ, ಅಗುಳು ಎಂದರೆ ಆ ಕಾಲದ ಓದುಗರಿಗೆ ಕೂಡಲೇ ಅರ್ಥವಾಗುತ್ತಿತ್ತು ಎಂಬುದು ಮುಖ್ಯ.

ನಿಷೇಧದಿಂದ ಹುಟ್ಟಿದ ಉತ್ಸಾಹ

ಗಾಳ ಹಾಕುವುದು ಹೊಟ್ಟೆಪಾಡಿನಿಂದ ವಿನೋದವಾಗಿ ಹರಡಿದ್ದು ಎದೊ ಯುಗದಲ್ಲಿ. 1603ರಿಂದ 1868ರವರೆಗೆ ತೊಕುಗಾವಾ ಮನೆತನದ ಶೋಗನ್‌ಗಳು ಎದೊ ನಗರದಿಂದ, ಅಂದರೆ ಇಂದಿನ ಟೋಕಿಯೋದಿಂದ, ದೇಶವನ್ನು ಆಳಿದರು. ಯುದ್ಧಗಳು ಬಹುಮಟ್ಟಿಗೆ ನಿಂತವು. ಕಾದಾಡುವುದೇ ಕಸುಬಾಗಿದ್ದ ಸಮುರಾಯಿಗಳಿಗೆ ಕಾದಾಡಲು ಶತ್ರುಗಳಿರಲಿಲ್ಲ. ಪೇಟೆಯ ವರ್ತಕರ ಕೈಯಲ್ಲಿ ಹಣ ಓಡಾಡತೊಡಗಿತು. ಬಿಡುವು ಮತ್ತು ಹಣ ಕೂಡಿದಾಗ ವಿನೋದಗಳು ಬೆಳೆಯುವುದು ಸಹಜ.

ಆದರೆ ನಡುವೆ ಒಂದು ತಡೆ ಬಂತು. ಐದನೆಯ ಶೋಗನ್ ತ್ಸುನಯೊಶಿ ಜೀವದಯೆಯ ಹೆಸರಿನಲ್ಲಿ ಒಂದರ ಮೇಲೊಂದು ಕಟ್ಟಳೆಗಳನ್ನು ಹೊರಡಿಸಿದ. ನಾಯಿಗಳನ್ನು ಕಾಪಾಡುವ ಕಟ್ಟಳೆಗಳಿಂದಾಗಿ ಅವನಿಗೆ 'ನಾಯಿ ಶೋಗನ್' ಎಂಬ ಅಡ್ಡಹೆಸರೇ ಬಂತು. 1693ರಲ್ಲಿ ವಿನೋದಕ್ಕಾಗಿ ಗಾಳ ಹಾಕುವುದನ್ನೂ ನಿಷೇಧಿಸಲಾಯಿತು. ಹೊಟ್ಟೆಪಾಡಿನ ಮೀನುಗಾರರಿಗೆ ಮಾತ್ರ ವಿನಾಯಿತಿ ದೊರೆಯಿತು. 1709ರಲ್ಲಿ ತ್ಸುನಯೊಶಿ ತೀರಿಕೊಂಡ ಮೇಲೆ ಈ ಕಟ್ಟಳೆಗಳು ಸಡಿಲವಾದವು. ತಡೆದಿಟ್ಟ ನೀರು ಕಟ್ಟೆಯೊಡೆದಂತೆ ಎದೊ ಕೊಲ್ಲಿಯ ದಡದಲ್ಲಿ ಗಾಳಗಾರರು ತುಂಬಿಕೊಂಡರು.

ಈ ಉತ್ಸಾಹದ ಫಲವಾಗಿಯೇ 1723ರಲ್ಲಿ 'ಕಾಸೆನ್‌ರೊಕು' ಎಂಬ ಗ್ರಂಥ ಸಿದ್ಧವಾಯಿತು. ಗಾಳದ ಬಗ್ಗೆ ಜಪಾನಿನಲ್ಲಿ ಇಂದು ಉಳಿದಿರುವ ಅತ್ಯಂತ ಹಳೆಯ ಗ್ರಂಥ ಇದೇ. ಬರೆದವನು ತ್ಸುಗಾರು ಉನೆಮೆ ಎಂಬ ಸಮುರಾಯಿ. ಈತನ ಮಾವ ಕಿರಾ ಯೊಶಿನಾಕಾ. ಒಡೆಯನನ್ನು ಕಳೆದುಕೊಂಡ 47 ಸಮುರಾಯಿಗಳು 1703ರಲ್ಲಿ ಸೇಡು ತೀರಿಸಿಕೊಂಡ ಪ್ರಸಿದ್ಧ ಪ್ರಸಂಗವನ್ನು ನೀವು ಕೇಳಿರಬಹುದು. ಆ ರಾತ್ರಿ ಅವರ ಕೈಯಲ್ಲಿ ಹತನಾದವನೇ ಈ ಕಿರಾ. ರಾಜಕಾರಣದ ಅಂಥ ಬಿರುಗಾಳಿಯನ್ನು ಹತ್ತಿರದಿಂದ ಕಂಡಿದ್ದ ಉನೆಮೆ ಮನಸ್ಸಿಟ್ಟು ಬರೆದದ್ದು ಎಲ್ಲಿ ಮೀನು ಸಿಗುತ್ತದೆ, ಗಾಳದ ಆಕಾರ ಹೇಗಿರಬೇಕು, ಹವೆ ನೋಡಿ ದೋಣಿ ಇಳಿಸುವುದು ಹೇಗೆ ಎಂಬುದನ್ನು. ಅವನ ಮುಖ್ಯ ಬೇಟೆ 'ಕಿಸು' ಎಂಬ ಮೀನು. ಇದು ನಮ್ಮ ಕರಾವಳಿಯವರಿಗೆ ಚೆನ್ನಾಗಿ ಗೊತ್ತಿರುವ ಕಾಣೆ ಮೀನಿನ ಹತ್ತಿರದ ಸಂಬಂಧಿ. ಜೀವಶಾಸ್ತ್ರದಲ್ಲಿ ಎರಡೂ ಒಂದೇ ಕುಲದವು.

ಸಮುರಾಯಿಯ ಕೋಲು

ಜಪಾನಿನ ಮುಖ್ಯ ದ್ವೀಪದ ಉತ್ತರಭಾಗದಲ್ಲಿ, ಪಶ್ಚಿಮ ಕಡಲಿಗೆ ಮುಖಮಾಡಿ, ಶೊನಾಯಿ ಎಂಬ ಸಂಸ್ಥಾನವಿತ್ತು. ಇದನ್ನು ಆಳುತ್ತಿದ್ದುದು ಸಕಾಯಿ ಮನೆತನ. ಈ ಸಂಸ್ಥಾನದಲ್ಲಿ ಗಾಳ ಹಾಕುವುದನ್ನು ಆಟವೆಂದು ಕಾಣಲಿಲ್ಲ. ಕತ್ತಿವರಸೆ, ಬಿಲ್ಲುವಿದ್ಯೆಗಳ ಹಾಗೆ ಅದೂ ಒಂದು ಶಿಸ್ತು ಎಂದು ಪ್ರೋತ್ಸಾಹಿಸಲಾಯಿತು. ರಾತ್ರಿಯೇ ತ್ಸುರುವೊಕ ಪಟ್ಟಣದಿಂದ ಹೊರಟು, ಉದ್ದನೆಯ ಕೋಲನ್ನು ಹೊತ್ತು, ಗುಡ್ಡಗಳನ್ನು ದಾಟಿ, ಅಲೆ ಬಡಿಯುವ ಬಂಡೆಗಳ ಮೇಲೆ ನಿಂತು ಮೀನಿಗಾಗಿ ಕಾಯಬೇಕು. ಕಾಲಿನ ಬಲ, ಕಣ್ಣಿನ ಚುರುಕು, ಮನಸ್ಸಿನ ತಾಳ್ಮೆ ಎಲ್ಲಕ್ಕೂ ಇದು ಪರೀಕ್ಷೆ. ಶಾಂತಿಯ ಕಾಲದಲ್ಲಿ ಯೋಧರ ಮೈ ಸಡಿಲವಾಗದಂತೆ ನೋಡಿಕೊಳ್ಳಲು ದೊರೆಗಳು ಕಂಡುಕೊಂಡ ಉಪಾಯವಿದು.

ಶೊನಾಯಿಯ ಕೋಲನ್ನು ಒಂದೇ ಬಿದಿರಿನಿಂದ ಮಾಡುತ್ತಿದ್ದರು. ಬೇರಿನ ಗೆಣ್ಣನ್ನೂ ಬಿಡದೆ ಅಗೆದು ತಂದು, ಒಣಗಿಸಿ, ಬೆಂಕಿಯ ಶಾಖ ಕೊಟ್ಟು ನೇರ ಮಾಡಿ, ಹೊಗೆಗೆ ಇಟ್ಟು, ಮತ್ತೆ ನೇರ ಮಾಡಿ, ಹೀಗೆ ಹಲವಾರು ವರ್ಷಗಳ ಕಾಲ ಹದಗೊಳಿಸಬೇಕಿತ್ತು. ಆರೇಳು ಮೀಟರ್ ಉದ್ದದ ಕೋಲುಗಳೂ ಇದ್ದವು. ಸಮುರಾಯಿಗಳು ಇವನ್ನು ಸ್ವತಃ ಮಾಡಿಕೊಳ್ಳುತ್ತಿದ್ದರು. ಒಳ್ಳೆಯ ಕೋಲನ್ನು ಒಳ್ಳೆಯ ಕತ್ತಿಯಷ್ಟೇ ಗೌರವದಿಂದ ಕಾಪಾಡುತ್ತಿದ್ದರು.

ಹಿಡಿದ ಮೀನಿನ ಅಳತೆಗೂ ಲೆಕ್ಕವಿತ್ತು. ಮೀನಿಗೆ ಮಸಿ ಬಳಿದು ಕಾಗದದ ಮೇಲೆ ಅಚ್ಚೊತ್ತಿ ಇಡುವ ಪದ್ಧತಿಗೆ 'ಗ್ಯೊತಾಕು' ಎಂದು ಹೆಸರು. ಇಂದು ಉಳಿದಿರುವ ಅತ್ಯಂತ ಹಳೆಯ ಗ್ಯೊತಾಕು 1839ರದು. ಸಕಾಯಿ ಮನೆತನದವರು ಎದೊ ನಗರದ ಕಾಲುವೆಯೊಂದರಲ್ಲಿ ಹಿಡಿದ, ಗೆಂಡೆಯ ಜಾತಿಗೆ ಸೇರಿದ 'ಫುನಾ' ಮೀನಿನ ಅಚ್ಚು ಅದು. ಅದನ್ನು ತ್ಸುರುವೊಕದಲ್ಲಿ ಜೋಪಾನವಾಗಿ ಇಡಲಾಗಿದೆ. 1876ರಲ್ಲಿ ಹೊಸ ಮೇಜಿ ಸರ್ಕಾರ ಸಮುರಾಯಿಗಳು ಕತ್ತಿ ಧರಿಸಿ ಓಡಾಡುವುದನ್ನು ನಿಷೇಧಿಸಿತು. ಕತ್ತಿ ಹೋಯಿತು, ಕೋಲು ಉಳಿಯಿತು.

ಪೇಟೆಯವರ ಕೋಲು

ಎದೊ ನಗರದ ವರ್ತಕನ ಪರಿಸ್ಥಿತಿ ಬೇರೆ. ಅವನ ಮನೆ ಇಕ್ಕಟ್ಟು, ಬೀದಿಗಳು ಇನ್ನೂ ಇಕ್ಕಟ್ಟು. ಆರೇಳು ಮೀಟರಿನ ಕೋಲು ಹೊತ್ತು ಅವನು ಹೊರಡುವಂತಿರಲಿಲ್ಲ. ಅವನಿಗಾಗಿ ಹುಟ್ಟಿದ್ದು ಜೋಡಿಸುವ ಕೋಲು. 1788ರಲ್ಲಿ ತೊಸಾಕು ಎಂಬಾತ ಎದೊದಲ್ಲಿ ಅಂಗಡಿ ತೆರೆದು ಇಂಥ ಕೋಲುಗಳ ಕಸುಬನ್ನು ನೆಲೆಗೊಳಿಸಿದನೆಂದು ಹೇಳಲಾಗುತ್ತದೆ. ಅವನ ಪರಂಪರೆಯಿಂದಲೇ 'ಎದೊ ವಜಾಒ' ಎಂಬ ಕೋಲು ಹೆಸರಾಯಿತು.

ಇದರ ಕಷ್ಟ ಎಲ್ಲಿದೆ ಎಂದು ಗಮನಿಸಿ. ಬೇರೆ ಬೇರೆ ಬಿದಿರುಗಳ ತುಂಡುಗಳನ್ನು ಒಂದಕ್ಕೊಂದು ಸೇರಿಸಿದಾಗ, ಬಾಗಿದ ಕೋಲು ಒಂದೇ ಬಿದಿರಿನಂತೆ ನಯವಾಗಿ ಕಮಾನಾಗಬೇಕು. ಒಂದು ಜೋಡಣೆ ಬಿಗಿಯಾದರೂ ಕಮಾನು ಮುರಿಯುತ್ತದೆ. ಆದ್ದರಿಂದ ಕುಶಲಕರ್ಮಿ ಮೊದಲು ಮಾಡುವ ಕೆಲಸ ಬಿದಿರುಗಳನ್ನು ಆರಿಸಿ ಜೊತೆಗೂಡಿಸುವುದು. ಆಮೇಲೆ ಕೆಂಡದ ಮೇಲೆ ಶಾಖ ಕೊಟ್ಟು ನೇರ ಮಾಡುವುದು, ಜೋಡಣೆಯ ಜಾಗಕ್ಕೆ ದಾರ ಸುತ್ತುವುದು, ಉರುಶಿ ಮರದ ಅಂಟಿನಿಂದ ಮತ್ತೆ ಮತ್ತೆ ಮೆರುಗು ಕೊಡುವುದು. ಒಂದೊಂದು ಮೀನಿಗೆ ಒಂದೊಂದು ಬಗೆಯ ಕೋಲು. 1991ರಲ್ಲಿ ಜಪಾನ್ ಸರ್ಕಾರ ಎದೊ ವಜಾಒವನ್ನು ಸಾಂಪ್ರದಾಯಿಕ ಕರಕುಶಲ ವಸ್ತುವೆಂದು ಅಧಿಕೃತವಾಗಿ ಗುರುತಿಸಿತು.

ಪೇಟೆಯವರ ವಿನೋದದ ವೈಚಿತ್ರ್ಯ ಕಾಣುವುದು 'ತಾನಾಗೊ' ಮೀನಿನ ಬೇಟೆಯಲ್ಲಿ. ಇದು ಬೆರಳುದ್ದದ ಮೀನು. ದೊಡ್ಡದನ್ನು ಹಿಡಿಯುವುದರಲ್ಲಿ ಏನು ಹೆಚ್ಚುಗಾರಿಕೆ, ಅತಿ ಚಿಕ್ಕದನ್ನು ಹಿಡಿಯುವುದೇ ಜಾಣ್ಮೆ ಎಂಬುದು ಇಲ್ಲಿನ ತತ್ವ. ಮೊಳದುದ್ದದ ಕೋಲು, ಕಣ್ಣಿಗೆ ಕಂಡೂ ಕಾಣದ ಗಾಳ, ಚಳಿಗಾಲದ ಕಾಲುವೆ. ಈ ಮೀನು ಸಿಹಿನೀರಿನ ಚಿಪ್ಪುಮೀನಿನ ಒಡಲೊಳಗೆ ಮೊಟ್ಟೆಯಿಡುತ್ತದೆ. ಕಾಲುವೆಗಳು ಕಾಂಕ್ರೀಟಾಗಿ ಚಿಪ್ಪುಮೀನು ಹೋದರೆ ತಾನಾಗೊವೂ ಹೋಗುತ್ತದೆ. ಅದರ ಒಂದು ಜಾತಿಯನ್ನು 1974ರಲ್ಲಿ ಸಂರಕ್ಷಿತ ನೈಸರ್ಗಿಕ ಸ್ಮಾರಕವೆಂದು ಘೋಷಿಸಬೇಕಾಗಿ ಬಂತು.

ಹಳ್ಳಿಗರೂ ಪೇಟೆಯವರೂ ಒಲಿದ ಇನ್ನೊಂದು ವಿಧಾನ 'ತೊಮೊಜುರಿ'. 'ತೊಮೊ' ಎಂದರೆ ಗೆಳೆಯ. ರಾಣಿ ಜಿಂಗುವಿನ ಕಥೆಯ ಅಯು ಬೆಳೆದ ಮೇಲೆ ಹೊಳೆಯ ಕಲ್ಲುಗಳ ಮೇಲಿನ ಪಾಚಿಯನ್ನು ಕೆರೆದು ತಿನ್ನುತ್ತದೆ. ಪ್ರತಿಯೊಂದು ಅಯುವಿಗೂ ತನ್ನದೇ ಒಂದು ಎಲ್ಲೆ ಇರುತ್ತದೆ. ಬೇರೆ ಅಯು ಬಂದರೆ ಮೇಲೆ ಬಿದ್ದು ಓಡಿಸುತ್ತದೆ. ಗಾಳಗಾರ ಜೀವಂತ ಅಯುವೊಂದನ್ನು ದಾರಕ್ಕೆ ಕಟ್ಟಿ, ಅದರ ಹಿಂದೆ ಬರಿಯ ಗಾಳಗಳನ್ನು ಬಿಟ್ಟು, ಇನ್ನೊಂದು ಅಯುವಿನ ಎಲ್ಲೆಯೊಳಕ್ಕೆ ನಡೆಸುತ್ತಾನೆ. ಓಡಿಸಲು ಬಂದದ್ದು ಗಾಳಕ್ಕೆ ಸಿಕ್ಕಿಬೀಳುತ್ತದೆ. ಮೀನಿನ ಹಸಿವನ್ನಲ್ಲ, ಸಿಟ್ಟನ್ನು ಬಳಸಿಕೊಳ್ಳುವ ಬೇಟೆ ಇದು. ಇದನ್ನು ಕಂಡುಕೊಂಡವರು ಹೊಳೆಯನ್ನು ಎಷ್ಟು ಕಾಲ ನೋಡುತ್ತ ನಿಂತಿರಬೇಕು ಎಂದು ಊಹಿಸಿ.

ಬೆಟ್ಟದವನ ಕೋಲು

ಈಗ ಬರೆಯದವನ ಕಥೆಗೆ ಬರೋಣ. ನಡು ಜಪಾನಿನ ಎತ್ತರದ ಬೆಟ್ಟಗಳ ತಣ್ಣನೆಯ ತೊರೆಗಳಲ್ಲಿ 'ಇವಾನಾ', 'ಯಮಾಮೆ', 'ಅಮಾಗೊ' ಎಂಬ ಮೀನುಗಳಿವೆ. ಇವನ್ನು ಹಿಡಿದು ಬದುಕುತ್ತಿದ್ದ ಕಸುಬುದಾರರು ಬಳಸುತ್ತಿದ್ದುದು ಮೂರರಿಂದ ನಾಲ್ಕು ಮೀಟರಿನ ಬಿದಿರಿನ ಕೋಲು, ಹೆಚ್ಚುಕಡಿಮೆ ಅಷ್ಟೇ ಉದ್ದದ ದಾರ. ದಾರವನ್ನು ಕುದುರೆಯ ಬಾಲದ ಕೂದಲಿನಿಂದ ಹೊಸೆಯುತ್ತಿದ್ದರು. ಕೋಲಿನ ಕಡೆ ಹೆಚ್ಚು ಕೂದಲು, ಗಾಳದ ಕಡೆ ಕಡಿಮೆ ಕೂದಲು. ಹೀಗೆ ಸಪುರವಾಗುತ್ತ ಹೋಗುವ ದಾರ ಬೀಸಿದಾಗ ನೇರವಾಗಿ ಬಿಚ್ಚಿಕೊಂಡು, ಗಾಳವನ್ನು ನೀರಿನ ಮೇಲೆ ಮೆಲ್ಲನೆ ಇಳಿಸುತ್ತಿತ್ತು.

ಗಾಳಕ್ಕೆ ಎರೆಹುಳು ಇಲ್ಲ. ಅದರ ಬದಲು ದಾರ ಮತ್ತು ಹಕ್ಕಿಯ ಗರಿ ಸುತ್ತಿ ಮಾಡಿದ ಹುಸಿ ಹುಳು. ಇದಕ್ಕೆ 'ಕೆಬರಿ' ಎಂದು ಹೆಸರು. ರೋಮ ಅಥವಾ ಗರಿ ಕಟ್ಟಿದ ಸೂಜಿ ಎಂದರ್ಥ. ಪೇಟೆಗಳಲ್ಲಿಯೂ ಕೆಬರಿಗಳಿದ್ದವು. ಕನಜಾವ ನಗರದಲ್ಲಿ 1575ರಿಂದ ಸೂಜಿ ಮಾಡಿಕೊಂಡು ಬಂದ ಮನೆತನವೊಂದು ಅಯುವಿಗಾಗಿ ಚಿನ್ನದ ತಗಡು ಹಚ್ಚಿದ ಸೊಗಸಾದ ಕೆಬರಿಗಳನ್ನು ಮಾಡುತ್ತಿತ್ತು. ಬೆಟ್ಟದವನ ಕೆಬರಿಯಲ್ಲಿ ಅಂಥ ಸೊಗಸಿಲ್ಲ. ಮನೆಯ ಹೊಲಿಗೆಯ ದಾರ, ಸಿಕ್ಕಿದ ಹಕ್ಕಿಯ ಗರಿ, ಅಷ್ಟೇ.

ಅವನು ಎರೆಹುಳು ಬಿಟ್ಟು ಹುಸಿ ಹುಳು ಹಿಡಿದದ್ದೇಕೆ? ಇದು ಹೊಟ್ಟೆಪಾಡಿನ ಲೆಕ್ಕ. ಎರೆ ಹುಡುಕಬೇಕು, ಹೊರಬೇಕು, ಪ್ರತಿ ಮೀನಿಗೂ ಹೊಸದಾಗಿ ಸಿಕ್ಕಿಸಬೇಕು. ಹುಸಿ ಹುಳುವಾದರೆ ಒಂದೇ ಸಾಕು. ನಾಲ್ಕಾರು ಸಲ ಬೀಸಿ, ಮೀನು ಬಂದರೆ ಎತ್ತಿ ಕೈಬಲೆಗೆ ಇಳಿಸಿ, ಬರದಿದ್ದರೆ ಮುಂದಿನ ಮಡುವಿಗೆ ನಡೆದುಬಿಡಬಹುದು. ಒಂದು ದಿನದಲ್ಲಿ ಎಷ್ಟು ದೂರ ತೊರೆ ಹತ್ತಿದನೋ ಅಷ್ಟು ಮೀನು. ಬೆಟ್ಟದ ಗುಡಿಸಲಿನಲ್ಲಿ ಉಳಿದು, ಹಿಡಿದದ್ದನ್ನು ಹೊಗೆಯಲ್ಲಿ ಒಣಗಿಸಿ ಕೆಳಗಿನ ಊರುಗಳಿಗೆ ಹೊರುತ್ತಿದ್ದವರೂ ಇದ್ದರು.

ಇವರ ಬಗ್ಗೆ ನಮಗೆ ತಿಳಿಯುವುದು ಬೇರೆಯವರ ಬರಹದಿಂದ. ಸುಜುಕಿ ಬೊಕುಶಿ ಎಂಬ ವರ್ತಕ 1828ರಲ್ಲಿ ಅಕಿಯಾಮಾ ಎಂಬ ದುರ್ಗಮ ಕಣಿವೆಗೆ ಹೋಗಿದ್ದ. ದೂರದ ಅಕಿತಾ ಪ್ರಾಂತದಿಂದ ಬಂದ ಬೇಟೆಗಾರರು ಅಲ್ಲಿ ಇವಾನಾ ಹಿಡಿದು, ಬೆಟ್ಟ ದಾಟಿ, ಕುಸಾತ್ಸು ಎಂಬ ಬಿಸಿನೀರಿನ ಬುಗ್ಗೆಗಳ ಊರಿಗೆ ಮಾರಲು ಹೊರುತ್ತಿದ್ದರೆಂದು ತನ್ನ ಪ್ರವಾಸ ಕಥನದಲ್ಲಿ ಆತ ಬರೆದ. ಇನ್ನು ಬೆಟ್ಟದ ತೊರೆಗಳಲ್ಲಿ ಕೆಬರಿಯ ಬಳಕೆಗೆ ಹಳೆಯ ಲಿಖಿತ ಸಾಕ್ಷ್ಯವೆಂದು ಸಾಮಾನ್ಯವಾಗಿ ತೋರಿಸುವುದು 1878ರ ಒಂದು ದಿನಚರಿಯನ್ನು. ಅದನ್ನು ಬರೆದವನು ಜಪಾನಿಯನೂ ಅಲ್ಲ. ತತೆಯಾಮಾ ಪರ್ವತ ಪ್ರದೇಶದಲ್ಲಿ ಪ್ರವಾಸ ಮಾಡಿದ ಬ್ರಿಟಿಷ್ ರಾಯಭಾರ ಕಚೇರಿಯ ಅರ್ನೆಸ್ಟ್ ಸಾಟೋ.

ಇದನ್ನು ಉನೆಮೆಯ ಗ್ರಂಥದೊಂದಿಗೆ ಹೋಲಿಸಿ ನೋಡಿ. ವಿನೋದಕ್ಕೆ ಗಾಳ ಹಾಕಿದವನ ಗ್ರಂಥ 1723ರದು. ಹೊಟ್ಟೆಗಾಗಿ ಗಾಳ ಹಾಕಿದವನ ಬಗ್ಗೆ ಒಂದೆರಡು ಸಾಲು ಸಿಗಲು ಇನ್ನೂ ನೂರು, ನೂರೈವತ್ತು ವರ್ಷ ಕಾಯಬೇಕಾಯಿತು. ಆ ಸಾಲುಗಳನ್ನು ಬರೆದವರೂ ದಾರಿಹೋಕರು. ಇದರಿಂದ ಬೆಟ್ಟದವನ ಕಲೆ ಹೊಸತೆಂದು ತೀರ್ಮಾನಿಸಬಹುದೇ? ಕೂಡದು. ಬರಹ ಇಲ್ಲ ಎಂದರೆ ಬದುಕು ಇರಲಿಲ್ಲ ಎಂದಲ್ಲ.

ಹೆಸರಿಲ್ಲದ ಕಲೆಗೆ ಹೆಸರು ಬಂದದ್ದು

ಈ ವಿಧಾನವನ್ನು ಇಂದು 'ಟೆಂಕಾರಾ' ಎಂದು ಕರೆಯುತ್ತಾರೆ. ಈ ಹೆಸರಿಗೆ ಒಪ್ಪಿತವಾದ ಚಿತ್ರಲಿಪಿಯ ಬರಹವೇ ಇಲ್ಲ. ಧ್ವನಿಯನ್ನಷ್ಟೇ ಸೂಚಿಸುವ ಅಕ್ಷರಗಳಲ್ಲಿ ಬರೆಯುತ್ತಾರೆ. 'ಆಕಾಶದಿಂದ' ಎಂಬ ಅರ್ಥವನ್ನು ಕೆಲವರು ಹೇಳುತ್ತಾರೆ. ಮಕ್ಕಳ ಕುಂಟಾಟದ ಹೆಸರಿನಿಂದ ಬಂತೆಂದು ಇನ್ನು ಕೆಲವರ ಅಭಿಪ್ರಾಯ. ಹಿಂದೆ ಒಂದೊಂದು ಕಣಿವೆಯಲ್ಲಿ ಒಂದೊಂದು ಹೆಸರಿತ್ತು. ದಾಖಲೆಯಿಲ್ಲದ ಕಲೆಯ ಹೆಸರಿಗೂ ದಾಖಲೆಯಿಲ್ಲ.

20ನೆಯ ಶತಮಾನದಲ್ಲಿ ಈ ಕಸುಬು ಕುಸಿಯಿತು. ಬೆಟ್ಟಗಳಿಗೆ ರಸ್ತೆಗಳು ಬಂದವು. ಸಾಕಿದ ಮೀನು ಅಗ್ಗವಾಗಿ ಸಿಗತೊಡಗಿತು. ತೊರೆಗಳಿಗೆ ಅಣೆಕಟ್ಟುಗಳು ಬಂದವು. ಇವಾನಾ ಹಿಡಿಯುವವರಿಗೆ ಹೆಸರಾಗಿದ್ದ ಕುರೊಬೆ ಕಣಿವೆಯಲ್ಲಿ 1963ರಲ್ಲಿ 186 ಮೀಟರ್ ಎತ್ತರದ ಅಣೆಕಟ್ಟು ಪೂರ್ಣಗೊಂಡಿತು. ಮಕ್ಕಳು ಬೇರೆ ಕೆಲಸ ಹುಡುಕಿಕೊಂಡು ಊರು ಬಿಟ್ಟರು. ತಂದೆಯ ಕೈ ನೋಡಿ ಮಗ ಕಲಿಯುವ ವಿದ್ಯೆಗೆ ಮಗನೇ ಇಲ್ಲವಾದ.

ಆ ಹೊತ್ತಿನಲ್ಲಿ ಕೆಲವರು ಉಳಿದ ಮುದುಕರ ಬಳಿಗೆ ಹೋಗಿ, ಅವರ ಜೊತೆ ತೊರೆ ಹತ್ತಿ, ಕೇಳಿ ಬರೆದುಕೊಂಡರು. 1919ರಲ್ಲಿ ಹುಟ್ಟಿದ ಲೇಖಕ ಯಮಾಮೊತೊ ಸೊಸೆಕಿ ಇವರಲ್ಲಿ ಪ್ರಮುಖರು. ಬೇರೆ ಬೇರೆ ಕಣಿವೆಗಳ ಪದ್ಧತಿಗಳು 'ಟೆಂಕಾರಾ' ಎಂಬ ಒಂದೇ ಹೆಸರಿನಲ್ಲಿ ಪರಿಚಿತವಾಗಲು ಇಂಥವರ ಬರಹಗಳೇ ಕಾರಣ. 1970ರ ದಶಕದಿಂದ ಬಿದಿರಿನ ಜಾಗಕ್ಕೆ ಕಾರ್ಬನ್ ನಾರಿನ ಹಗುರ ಕೋಲುಗಳು ಬಂದವು. 2009ರಲ್ಲಿ ಜಪಾನಿನ ಪ್ರಾಧ್ಯಾಪಕ ಹಿಸಾಒ ಇಶಿಗಾಕಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಕ್ಯಾಟ್‌ಸ್ಕಿಲ್ ಪ್ರದೇಶದಲ್ಲಿ ಈ ಕಲೆಯನ್ನು ತೋರಿಸಿಕೊಟ್ಟರು. ಅದೇ ವರ್ಷ ಅಮೆರಿಕದಲ್ಲಿ ಟೆಂಕಾರಾ ಕೋಲುಗಳ ಮಾರಾಟವೂ ಆರಂಭವಾಯಿತು. ರಾಟೆಯ ಸೌಕರ್ಯವಿದ್ದ ನಾಡಿನವರೇ ಈಗ ರಾಟೆಯನ್ನು ಬದಿಗಿಟ್ಟು ಈ ಕೋಲು ಹಿಡಿಯತೊಡಗಿದರು.

ಇದನ್ನು ಗೆಲುವೆಂದು ಕರೆಯಬಹುದೇ? ಒಂದು ಅರ್ಥದಲ್ಲಿ ಹೌದು, ಕಲೆ ಉಳಿಯಿತು. ಇನ್ನೊಂದು ಅರ್ಥದಲ್ಲಿ ಅಲ್ಲ. ಬೆಟ್ಟದವನ ಅನ್ನದ ದಾರಿ ಈಗ ಪೇಟೆಯವನ ರಜಾದಿನದ ವಿನೋದವಾಗಿದೆ. ಕೋಲು ಬೀಸುವ ಬಗೆ ಉಳಿದಿದೆ. ಯಾವ ತಿಂಗಳಲ್ಲಿ ಯಾವ ಮಡುವಿನಲ್ಲಿ ಮೀನು ನಿಲ್ಲುತ್ತದೆ, ಹೊರೆ ಹೊತ್ತು ಯಾವ ದಾರಿಯಲ್ಲಿ ಇಳಿಯಬೇಕು ಎಂಬ ತಿಳಿವಳಿಕೆಯಲ್ಲಿ ಬಹುಪಾಲು ಅದನ್ನು ಬಲ್ಲವರ ಜೊತೆಗೇ ಹೋಯಿತು.

ಇತಿಹಾಸದ ವಿದ್ಯಾರ್ಥಿಗಳು ಶಾಸನ, ಗ್ರಂಥ, ದಫ್ತರಗಳನ್ನು ಓದುವುದನ್ನು ಕಲಿಯುತ್ತಾರೆ, ಕಲಿಯಲೇಬೇಕು. ಆದರೆ ಅವುಗಳಲ್ಲಿ ಇಲ್ಲದವರು ಯಾರು ಎಂಬ ಪ್ರಶ್ನೆಯನ್ನೂ ಕೇಳಬೇಕು. ನಿಮ್ಮ ಊರಿನ ಕೆರೆಯಲ್ಲಿಯೋ ಹೊಳೆಯಲ್ಲಿಯೋ ಮೀನು ಹಿಡಿಯುವ ಹಿರಿಯರಿದ್ದರೆ ಒಂದು ದಿನ ಅವರ ಪಕ್ಕದಲ್ಲಿ ಕುಳಿತುಕೊಳ್ಳಿ. ಬಲೆಗೆ, ಬುಟ್ಟಿಗೆ, ಗಾಳಕ್ಕೆ, ಮೀನಿಗೆ ಅವರು ಇಟ್ಟಿರುವ ಹೆಸರುಗಳನ್ನು ಕೇಳಿ ಬರೆದುಕೊಳ್ಳಿ. ತೇದಿಯನ್ನೂ ಹಾಕಿ. ಅಂಥದೊಂದು ದಿನಚರಿಯ ಪುಟವೇ ನಾಳೆ ಯಾರದೋ ಬದುಕಿಗೆ ಇರುವ ಏಕೈಕ ದಾಖಲೆಯಾದೀತು.